ಅರ್ಧ ಕಿಲೋದಿಂದ ಐದು ಕಿಲೋವರೆಗೆ: ಪಿಸ್ತೂಲಿನ ಟ್ರಿಗರ್ ಬಗ್ಗೆ ಒಂದಿಷ್ಟು ಮಾತು

ಮೈಸೂರಿನಲ್ಲಿ ಏರ್ ಪಿಸ್ತೂಲ್ ಕಲಿಯುತ್ತಿರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು ಮತ್ತು ಕೆಲವು ನಿವೃತ್ತ ಪೊಲೀಸರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಮೊಟಕು ಮಾಡಿದ್ದೇನೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮೇಜಿನ ಮೇಲೆ ಎರಡು ಏರ್ ಪಿಸ್ತೂಲು ಇವೆ. ಎರಡರಲ್ಲೂ ಪೆಲೆಟ್, ಅಂದರೆ ಸಣ್ಣ ಸೀಸದ ಗುಂಡು, ಇಲ್ಲ. ನಾನೂ ನೋಡಿದ್ದೇನೆ, ಮುಂದೆ ಕೂತಿರುವ ಈ ಇಬ್ಬರಿಗೂ ತೋರಿಸಿದ್ದೇನೆ. ಆದರೂ ಇವುಗಳ ಬಾಯಿ ಇವತ್ತು ಯಾರ ಕಡೆಗೂ ತಿರುಗುವುದಿಲ್ಲ. ಪಕ್ಕದಲ್ಲಿ ಇರುವುದು ಕೊಕ್ಕೆ ಸಿಕ್ಕಿಸಿದ 500 ಗ್ರಾಂ ತೂಕದ ಬಟ್ಟು. ಸ್ಪರ್ಧೆಯ ದಿನ ನಿಮ್ಮ ಮಕ್ಕಳ ಹಣೆಬರಹ ಬರೆಯುವುದು ಇದೇ.

ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಹೊರಬೇಕು. ಆ ಪರೀಕ್ಷೆ ಹೇಗೆ ನಡೆಯುತ್ತದೆ ನೋಡಿ. ಪಿಸ್ತೂಲಿನಲ್ಲಿ ಗಾಳಿ ತುಂಬಿರಬೇಕು, ಕಾಕ್ ಮಾಡಿರಬೇಕು, ಅಂದರೆ ಹೊಡೆಯಲು ಸಿದ್ಧವಾಗಿ ಇಟ್ಟಿರಬೇಕು. ಬ್ಯಾರೆಲ್ಲನ್ನು ನೇರ ಮೇಲಕ್ಕೆ ಹಿಡಿಯುತ್ತಾರೆ. ಬಟ್ಟು ಮೇಜಿನ ಮೇಲೆ ಕೂತಿರುತ್ತದೆ. ಕೊಕ್ಕೆಯನ್ನು ಟ್ರಿಗರ್‌ನ ನಡುಭಾಗಕ್ಕೆ ಸಿಕ್ಕಿಸಿ, ಪಿಸ್ತೂಲನ್ನು ನಿಧಾನವಾಗಿ ಮೇಲೆತ್ತಬೇಕು. ಬಟ್ಟು ಮೇಜು ಬಿಟ್ಟು ಗಾಳಿಯಲ್ಲಿ ತೂಗಬೇಕು, ಟ್ರಿಗರ್ ಮಾತ್ರ ಬಿಟ್ಟುಕೊಡಬಾರದು. 'ಟಪ್' ಅಂದರೆ ಫೇಲು. ಇದಕ್ಕೆ ಮೂರು ಅವಕಾಶ ಕೊಡುತ್ತಾರೆ. ಪಂದ್ಯ ಮುಗಿದ ಮೇಲೂ ಚೀಟಿ ಎತ್ತಿ ಕೆಲವರ ಪಿಸ್ತೂಲು ನೋಡುತ್ತಾರೆ. ಆಗ ಟ್ರಿಗರ್ 500 ಗ್ರಾಂ ಹೊರದಿದ್ದರೆ, ನೀವು ಎಷ್ಟೇ ಅಂಕ ಹೊಡೆದಿರಲಿ, ಲೆಕ್ಕಕ್ಕೇ ಇಲ್ಲ. ಅದಕ್ಕೇ ತಿಳಿದವರು ಸರಿಯಾಗಿ 500ಕ್ಕೆ ಇಡುವುದಿಲ್ಲ. 510, 520 ಅಂತ ಸ್ವಲ್ಪ ಜಾಸ್ತಿಯೇ ಇಡುತ್ತಾರೆ.

ಕೊಕ್ಕೆ ನಡುಭಾಗಕ್ಕೇ ಯಾಕೆ? ಟ್ರಿಗರ್ ಸಾಮಾನ್ಯವಾಗಿ ಮೇಲೆ ಒಂದು ಪಿನ್ನಿಗೆ ತೂಗಿಕೊಂಡಿರುತ್ತದೆ. ತುದಿಯಲ್ಲಿ ಎಳೆದರೆ ಹಗುರ, ಮೇಲೆ ಪಿನ್ನಿನ ಹತ್ತಿರ ಎಳೆದರೆ ಭಾರ. ಟ್ರಿಗರ್ ಅದೇ, ಸ್ಪ್ರಿಂಗ್ ಅದೇ, ತೂಕ ಮಾತ್ರ ಬೇರೆ. ನಿಮ್ಮ ಬೆರಳಿಗೂ ಇದು ಅನ್ವಯಿಸುತ್ತದೆ. ಒಂದು ಸಲ ಬೆರಳು ಕೆಳಗೆ, ಇನ್ನೊಂದು ಸಲ ಮೇಲೆ ಇಟ್ಟರೆ, ನೀವು ಪ್ರತಿ ಸಲವೂ ಬೇರೆ ಬೇರೆ ಟ್ರಿಗರ್ ಎಳೆಯುತ್ತಿದ್ದೀರಿ ಅಂತಲೇ ಲೆಕ್ಕ.

ನನ್ನ ಹತ್ತಿರ ಬರುವ ಪೋಷಕರು ಮೊದಲು ಕೇಳುವುದು ಒಂದೇ ಪ್ರಶ್ನೆ. "ಸರ್, ಟ್ರಿಗರ್ ಇನ್ನೂ ಲೈಟ್ ಮಾಡಬಹುದಾ?" ಲೈಟ್ ಆದಷ್ಟೂ ಅಂಕ ಜಾಸ್ತಿ ಅನ್ನುವ ನಂಬಿಕೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟು: ತೂಕ ಎಷ್ಟು ಅನ್ನುವುದಕ್ಕಿಂತ, ಆ ತೂಕ ಬೆರಳಿಗೆ ಯಾವಾಗ, ಹೇಗೆ ಸಿಗುತ್ತದೆ ಅನ್ನುವುದು ದೊಡ್ಡದು. ಬಾಯಲ್ಲಿ ಹೇಳಿದರೆ ನಂಬಿಕೆ ಬರಲ್ಲ. ಅದಕ್ಕೇ ಎರಡು ಪಿಸ್ತೂಲು ತಂದಿದ್ದು.

(ಇಲ್ಲಿ ಸಭೆಯಿಂದ ಒಬ್ಬ ತಾಯಿಯನ್ನೂ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನನ್ನೂ ಕರೆದೆ. ಗೋಡೆಯ ಕಡೆ ತಿರುಗಿ ನಿಂತು ಎರಡೂ ಟ್ರಿಗರ್ ಎಳೆದು ನೋಡಿದರು. ಎರಡನೆಯದೇ ಭಾರ ಅಂತ ಇಬ್ಬರೂ ಹೇಳಿದರು. ಹುಡುಗನಂತೂ "ಡಬಲ್ ಇದೆ ಸರ್" ಅಂದ. ಆಮೇಲೆ ಇಬ್ಬರ ಎದುರೇ ಬಟ್ಟು ನೇತುಹಾಕಿ ತೋರಿಸಿದೆ. ಎರಡೂ ಹೊತ್ತವು. 20 ಗ್ರಾಂ ಸೇರಿಸಿದಾಗ ಎರಡೂ ಬಿಟ್ಟುಕೊಟ್ಟವು.)

ಎರಡೂ ಒಂದೇ ತೂಕ. ಮತ್ತೆ ಇವರಿಬ್ಬರಿಗೂ ಯಾಕೆ ಹಾಗೆ ಅನ್ನಿಸಿತು? ನಿಮ್ಮ ಸ್ಕೂಟರಿನ ಬ್ರೇಕ್ ಹಿಡಿ ನೆನೆಸಿಕೊಳ್ಳಿ. ಮೊದಲು ಸ್ವಲ್ಪ ದೂರ ಸುಮ್ನೆ ಒಳಗೆ ಬರುತ್ತದೆ. ಆಮೇಲೆ ಒಂದು ಕಡೆ ಬಿಗಿ ಸಿಗುತ್ತದೆ. ಅಲ್ಲಿಂದ ಮುಂದೆ ಒತ್ತಿದರೆ ಗಾಡಿ ನಿಲ್ಲುತ್ತದೆ. ಟ್ರಿಗರ್‌ನಲ್ಲೂ ಹೀಗೇ ಎರಡು ಹಂತ. ನಮ್ಮ ಶೂಟಿಂಗ್ ರೇಂಜಿನ ಭಾಷೆಯಲ್ಲಿ ಫಸ್ಟ್ ಸ್ಟೇಜ್, ಸೆಕೆಂಡ್ ಸ್ಟೇಜ್. ಮೊದಲನೇ ಪಿಸ್ತೂಲಿನಲ್ಲಿ ತೂಕದ ಬಹುಪಾಲನ್ನು, ಸುಮಾರು 400 ಗ್ರಾಂ, ಫಸ್ಟ್ ಸ್ಟೇಜಿಗೇ ಕೊಟ್ಟಿದ್ದೇನೆ. ಬೆರಳು ಹೇಗೂ ಒಳಗೆ ಬರುತ್ತಿರುತ್ತದೆ, ಬರುತ್ತಾ ಬರುತ್ತಾ ಆ ಭಾರ ಹೊತ್ತುಬಿಡುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಬಿಗಿ ಸಿಕ್ಕ ಜಾಗದಲ್ಲಿ ಉಳಿದಿರುವುದು ನೂರು ಚಿಲ್ಲರೆ ಗ್ರಾಂ ಮಾತ್ರ. ಎರಡನೆಯದರಲ್ಲಿ ಉಲ್ಟಾ. ಫಸ್ಟ್ ಸ್ಟೇಜ್ ತೀರಾ ಹಗುರ, ಆಮೇಲೆ ಗೋಡೆ ಸಿಕ್ಕ ಹಾಗೆ ಎಲ್ಲಾ ಭಾರ ಒಟ್ಟಿಗೇ ಎದುರಾಗುತ್ತದೆ. ಬೆರಳು ಅಲ್ಲಿ ತಡವರಿಸುತ್ತದೆ. ಮನಸ್ಸೂ ತಡವರಿಸುತ್ತದೆ. ನಮಗೆ ಭಾರ ಅನ್ನಿಸುವುದು ಆ ಕೊನೆಯ ತುಣುಕು.

ಇನ್ನೂ ಎರಡು ಮೂರು ವಿಷಯ ಇವೆ, ಬೇಗ ಹೇಳಿಬಿಡುತ್ತೇನೆ. ಗೋಡೆ ಸಿಕ್ಕ ಮೇಲೆ ಟ್ರಿಗರ್ ಇನ್ನೂ ಒಂಚೂರು ತೆವಳಿ ಆಮೇಲೆ ಬಿಟ್ಟರೆ ಅದು ಕ್ರೀಪ್. ಬಿಟ್ಟ ಮೇಲೂ ಟ್ರಿಗರ್ ಹಿಂದಕ್ಕೆ ಓಡಿದರೆ ಅದು ಓವರ್‌ಟ್ರಾವೆಲ್. ಬೆರಳು ದಢಕ್ಕನೆ ಹಿಂದೆ ಬಿದ್ದು ಪಿಸ್ತೂಲನ್ನು ಅಲುಗಿಸುತ್ತದೆ. ಎಲ್ಲರಿಗೂ ಒಂದೇ ರುಚಿ ಇಲ್ಲ. ಕೆಲವರಿಗೆ ಗಾಜಿನ ಕಡ್ಡಿ ಮುರಿದ ಹಾಗೆ ಪಟಕ್ಕನೆ ಬಿಡಬೇಕು. ಕೆಲವರಿಗೆ ಸ್ವಲ್ಪ ಉರುಳಿಕೊಂಡು ಹೋಗಬೇಕು. ಈ ಎರಡನೇ ಥರದವರನ್ನು ನೋಡಿ ನಗಬೇಡಿ, ದೊಡ್ಡ ದೊಡ್ಡ ಶೂಟರ್‌ಗಳೂ ಅದನ್ನು ಇಷ್ಟಪಡುತ್ತಾರೆ. ಯಾವ ಕ್ಷಣಕ್ಕೆ ಹೋಗುತ್ತದೆ ಅಂತ ಬೆರಳಿಗೆ ಮೊದಲೇ ಗೊತ್ತಾಗದಿದ್ದರೆ ಬೆರಳು ಹೆದರುವುದೂ ಇಲ್ಲ.

ಅಲುಗಿದರೆ ಏನಾಗುತ್ತದೆ? ಲೆಕ್ಕ ಹಾಕೋಣ. ಏರ್ ಪಿಸ್ತೂಲಿನ ಮೇಲೆ ಗುರಿ ನೋಡಲು ಎರಡು ಸೈಟು ಇರುತ್ತವೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ನಡುವೆ ಸುಮಾರು 33 ಸೆಂಟಿಮೀಟರ್ ದೂರ ಅಂತ ಇಟ್ಟುಕೊಳ್ಳಿ. ಟಾರ್ಗೆಟ್ ಇರುವುದು 10 ಮೀಟರ್ ದೂರದಲ್ಲಿ. ಮುಂದಿನ ಸೈಟು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ, ಟಾರ್ಗೆಟ್ಟಿನಲ್ಲಿ ಪೆಲೆಟ್ ಸುಮಾರು 30 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತರ ವೃತ್ತದ ಅಡ್ಡಗಲವೇ 11.5 ಮಿಲಿಮೀಟರ್. ಅಂದರೆ ನಟ್ಟನಡುವೆ ಹೋಗಬೇಕಿದ್ದ ಹತ್ತು, ಏಳಾಗಿ ಬರುತ್ತದೆ. ಒಂದು ಮಿಲಿಮೀಟರ್‌ಗೆ ಮೂರು ಅಂಕ! ಇಂಥ 60 ಹೊಡೆತ ಹೊಡೆಯಬೇಕು, 75 ನಿಮಿಷದಲ್ಲಿ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜೇಬಿನಲ್ಲಿ ಕೈ ಇಟ್ಟುಕೊಂಡು ಆರಾಮಾಗಿ ಹೊಡೆದ ಟರ್ಕಿಯ ಯೂಸುಫ್ ಡಿಕೆಚ್ ಫೋಟೋ ನೀವೆಲ್ಲ ವಾಟ್ಸಾಪಿನಲ್ಲಿ ನೋಡಿದ್ದೀರಿ. ಏನೂ ಸಲಕರಣೆ ಇಲ್ಲದೆ ಬಂದ ಅಂತ ಜನ ಹೊಗಳಿದರು. ಅವರ ಕೈಯಲ್ಲಿದ್ದದ್ದೂ ಎಲ್ಲರಂತೆ ಪಂದ್ಯದ ಪಿಸ್ತೂಲೇ. ಅದರ ಟ್ರಿಗರ್ ಕೂಡ ಇದೇ 500 ಗ್ರಾಂ ಪರೀಕ್ಷೆ ದಾಟಿ ಬಂದದ್ದು. ಜೇಬಿನಲ್ಲಿ ಕೈ ಇಡುವುದು ಏರ್ ಪಿಸ್ತೂಲ್ ಹೊಡೆಯುವವರಲ್ಲಿ ಬಹಳ ಜನ ಮಾಡುವ ಕೆಲಸ, ಸ್ಟೈಲ್ ಅಲ್ಲ.

ಇನ್ನು ಬೇರೆ ಬೇರೆ ಪಂದ್ಯಗಳು. 10 ಮೀಟರ್ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ. 25 ಮೀಟರ್ ಪಂದ್ಯಗಳಿಗೆ ಕನಿಷ್ಠ 1000 ಗ್ರಾಂ. 2012ರಲ್ಲಿ ಲಂಡನ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ ರ‍್ಯಾಪಿಡ್ ಫೈರ್ ಇದರಲ್ಲೇ ಬರುತ್ತದೆ. ಕೊನೆಯ ಸುತ್ತಿನಲ್ಲಿ 4 ಸೆಕೆಂಡಿಗೆ 5 ಗುಂಡು, ಐದು ಬೇರೆ ಬೇರೆ ಟಾರ್ಗೆಟ್ಟಿಗೆ, ಒಂದೊಂದಕ್ಕೂ ಒಂದು ಕಿಲೋ ಎಳೆಯಬೇಕು. 2004ರ ಅಥೆನ್ಸ್ ತನಕ ಈ ಪಂದ್ಯಕ್ಕೆ ಸಣ್ಣ ತೋಟಾ, ತೀರಾ ಹಗುರ ಟ್ರಿಗರ್ ಇರುವ ವಿಶೇಷ ಪಿಸ್ತೂಲುಗಳು ಬರುತ್ತಿದ್ದವು. ಆಮೇಲೆ ನಿಯಮ ಬದಲಾಯಿಸಿದರು.

50 ಮೀಟರ್ ಪಿಸ್ತೂಲ್, ಅಂದರೆ ಫ್ರೀ ಪಿಸ್ತೂಲ್, ಬೇರೆಯೇ ಲೋಕ. ಅದಕ್ಕೆ ಕನಿಷ್ಠ ತೂಕವೇ ಇಲ್ಲ. ಕೆಲವೇ ಗ್ರಾಂಗೆ ಇಟ್ಟುಕೊಳ್ಳಬಹುದು. ಬೆರಳು ಸೋಕಿದರೆ ಸಾಕು, ಹೋಗಿಬಿಡುತ್ತದೆ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹೊಡೆದದ್ದು ಈ 50 ಮೀಟರ್ ಪಂದ್ಯ. ಅದೇ ಮನುಷ್ಯ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದಿದ್ದರು. ಅಂದರೆ ಒಂದೇ ಬೆರಳಿಗೆ ಎರಡು ಪಾಠ ಕಲಿಸಬೇಕು. ರಿಯೋ ನಂತರ 50 ಮೀಟರ್ ಪಂದ್ಯವನ್ನು ಒಲಿಂಪಿಕ್ಸ್‌ನಿಂದಲೇ ತೆಗೆದುಬಿಟ್ಟರು. ನನಗೆ ಇವತ್ತಿಗೂ ಬೇಜಾರಿದೆ.

ಈಗ ಹಿಂದೆ ಕೂತಿರುವ ಹಿರಿಯರ ವಿಷಯಕ್ಕೆ ಬರುತ್ತೇನೆ. ಪೊಲೀಸ್ ಇಲಾಖೆಯಲ್ಲಿ ಆರ್ಮರರ್, ಅಂದರೆ ಆಯುಧಗಳ ರಿಪೇರಿ ನೋಡಿಕೊಳ್ಳುವವರು, ಆಗಿದ್ದು ನಿವೃತ್ತರಾದವರು. ಆಗಲೇ ಕೈ ಎತ್ತಿ ಕೂತಿದ್ದಾರೆ.

"ಸಾರ್, ನೀವು ಗ್ರಾಂ ಲೆಕ್ಕ ಹೇಳ್ತಾ ಇದ್ದೀರಿ. ನಮ್ಮ ರಿವಾಲ್ವರ್ ಎಳೀಬೇಕು ಅಂದ್ರೆ ಬೆರಳು ಬಿದ್ದು ಹೋಗೋದು. ಅದರಲ್ಲೂ ಹತ್ತಕ್ಕೆ ಹತ್ತು ಹೊಡೆಯೋ ಜನ ಇದ್ರು."

ಇದ್ದರು ಸರ್, ಒಪ್ಪುತ್ತೇನೆ. ಆ ಬೆರಳು ಯಾಕೆ ಬಿದ್ದು ಹೋಗುತ್ತಿತ್ತು ಅಂತ ಮಕ್ಕಳಿಗೆ ಹೇಳೋಣ. ರಿವಾಲ್ವರನ್ನು ಎರಡು ಥರ ಹೊಡೆಯಬಹುದು. ಹ್ಯಾಮರ್ ಅಂದರೆ ಗುಂಡಿನ ಹಿಂಭಾಗಕ್ಕೆ ಏಟು ಕೊಡುವ ಸುತ್ತಿಗೆ. ಹೆಬ್ಬೆರಳಲ್ಲಿ ಅದನ್ನು ಹಿಂದಕ್ಕೆ ಎಳೆದು ಕಾಕ್ ಮಾಡಿ ಹೊಡೆದರೆ ಸಿಂಗಲ್ ಆ್ಯಕ್ಷನ್. ಆಗ ಟ್ರಿಗರ್‌ಗೆ ಉಳಿದಿರುವ ಕೆಲಸ ಒಂದೇ, ಹ್ಯಾಮರನ್ನು ಬಿಡಿಸುವುದು. ಒಂದೂವರೆ ಕಿಲೋ ಆಸುಪಾಸು ಸಾಕು. ಕಾಕ್ ಮಾಡದೆ ನೇರವಾಗಿ ಎಳೆದರೆ ಡಬಲ್ ಆ್ಯಕ್ಷನ್. ಈಗ ಆ ಒಂದು ಬೆರಳು ಗುಂಡಿನ ಸಿಲಿಂಡರನ್ನೂ ತಿರುಗಿಸಬೇಕು, ದೊಡ್ಡ ಸ್ಪ್ರಿಂಗನ್ನು ಬಗ್ಗಿಸಿ ಹ್ಯಾಮರನ್ನೂ ಎತ್ತಬೇಕು, ಕೊನೆಗೆ ಅದನ್ನು ಬಿಡಿಸಲೂ ಬೇಕು. ಸಾಮಾನ್ಯವಾಗಿ ನಾಲ್ಕೂವರೆ ಕಿಲೋದಿಂದ ಆರು ಕಿಲೋ ಬೇಕಾಗುತ್ತದೆ. ದಾರಿಯೂ ಉದ್ದ.

ಸ್ಪ್ರಿಂಗ್ ಸಡಿಲ ಮಾಡಿದರೆ ಆಯ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಆಗಲ್ಲ. ತೋಟಾದ ಹಿಂಭಾಗದಲ್ಲಿರುವ ಪ್ರೈಮರ್‌ಗೆ ಜೋರಾಗಿ ಏಟು ಬಿದ್ದರೇ ಅದು ಹೊತ್ತಿಕೊಳ್ಳುವುದು. ಸ್ಪ್ರಿಂಗ್ ಸಡಿಲ ಆದರೆ ಏಟು ಮೆತ್ತಗಾಗುತ್ತದೆ, ಗುಂಡು ಹಾರುವುದಿಲ್ಲ. ಏರ್ ಪಿಸ್ತೂಲಿಗೆ ಈ ತಲೆನೋವಿಲ್ಲ. ಅಲ್ಲಿ ಗಾಳಿಯ ವಾಲ್ವ್ ತೆರೆದರೆ ಸಾಕು. ಎಲೆಕ್ಟ್ರಾನಿಕ್ ಟ್ರಿಗರ್ ಆದರೆ ಅದೂ ಇಲ್ಲ. ಬೆರಳು ಒಂದು ಸ್ವಿಚ್ ಮುಟ್ಟುತ್ತದೆ, ಉಳಿದ ಕೆಲಸ ಬ್ಯಾಟರಿ ಮತ್ತು ಸರ್ಕ್ಯೂಟಿನದು. ನಮ್ಮ ಅನೇಕ ಶೂಟರ್‌ಗಳು ಬಳಸುವ ಸ್ವಿಟ್ಜರ್ಲೆಂಡಿನ ಮೊರಿನಿ ಪಿಸ್ತೂಲು ಇಂಥದ್ದು. ಅದರಲ್ಲಿ ಬೆರಳಿಗೆ ಸಿಗುವ ಬಿಗಿಯೆಲ್ಲ ಬೇಕೆಂದೇ ಇಟ್ಟ ಸಣ್ಣ ಸ್ಪ್ರಿಂಗುಗಳದ್ದು.

ಈಗ ನನಗೆ ಬಹಳ ಇಷ್ಟವಾದ ಲೆಕ್ಕ. ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ನೋಟ್ಸ್ ಮಾಡಿಕೊಳ್ಳಿ. ಟ್ರಿಗರ್ ತೂಕವನ್ನು ಪಿಸ್ತೂಲಿನ ಸ್ವಂತ ತೂಕದ ಪಕ್ಕ ಇಟ್ಟು ನೋಡಬೇಕು. ಏರ್ ಪಿಸ್ತೂಲು ಸುಮಾರು ಒಂದು ಕಿಲೋ, ಟ್ರಿಗರ್ ಅರ್ಧ ಕಿಲೋ. ಎಳೆತ ಪಿಸ್ತೂಲಿನ ಅರ್ಧದಷ್ಟು. ಗ್ಲಾಕ್ 17 ಅನ್ನುವ ನಿಜವಾದ ಗುಂಡಿನ ಪಿಸ್ತೂಲು, ಗುಂಡು ತುಂಬಿದಾಗ ಸುಮಾರು 900 ಗ್ರಾಂ, ಟ್ರಿಗರ್ ಎರಡೂವರೆ ಕಿಲೋ. ಹತ್ತಿರಹತ್ತಿರ ಮೂರು ಪಟ್ಟು. ಕಾನ್ಪುರದ ಆರ್ಡ್‌ನೆನ್ಸ್ ಫ್ಯಾಕ್ಟರಿ 2014ರಲ್ಲಿ ಹೆಂಗಸರಿಗಾಗಿ ಅಂತ 'ನಿರ್ಭೀಕ್' ರಿವಾಲ್ವರ್ ತಂದಿತು, ನೆನಪಿದೆಯಾ? ಟೈಟಾನಿಯಂ ಮಿಶ್ರಲೋಹ, ಬರೀ 500 ಗ್ರಾಂ. ಪರ್ಸಿನಲ್ಲಿ ಹಗುರ, ನಿಜ. ಆದರೆ ಡಬಲ್ ಆ್ಯಕ್ಷನ್ ರಿವಾಲ್ವರ್ ಒಂದರ ಎಳೆತ ಐದು ಕಿಲೋ ಅಂತ ಹಿಡಿದರೆ, ಅರ್ಧ ಕಿಲೋ ವಸ್ತುವಿನ ಮೇಲೆ ನೀವು ಅದರ ಹತ್ತು ಪಟ್ಟು ಬಲ ಹಾಕುತ್ತೀರಿ. ಆ ವಸ್ತು ಅಲುಗಾಡದೆ ಇರಬೇಕು ಅಂದರೆ ಹಿಡಿತ ಎಷ್ಟು ಗಟ್ಟಿ ಇರಬೇಕು ಯೋಚನೆ ಮಾಡಿ. ಹಗುರ ಆಯುಧ ಅಂದರೆ ಸುಲಭದ ಆಯುಧ ಅಂದುಕೊಳ್ಳುವವರು ಈ ಲೆಕ್ಕ ಹಾಕಿರುವುದಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಬೆರಳು ಟ್ರಿಗರನ್ನು ನೇರ ಹಿಂದಕ್ಕೆ ಎಳೆದರೆ ತೊಂದರೆ ಇಲ್ಲ, ಅಂಗೈ ಹಿಂದಿನಿಂದ ತಡೆಯುತ್ತದೆ. ಬೆರಳು ಸ್ವಲ್ಪ ಓರೆಯಾಗಿ, ಬರೀ 5 ಡಿಗ್ರಿ ಪಕ್ಕಕ್ಕೆ ಎಳೆದರೆ? 500 ಗ್ರಾಂ ಟ್ರಿಗರ್ ಆದರೆ ಪಕ್ಕಕ್ಕೆ ಬೀಳುವ ಬಲ 45 ಗ್ರಾಂ ಒಳಗೇ. ಐದು ಕಿಲೋ ಟ್ರಿಗರ್ ಆದರೆ 430 ಗ್ರಾಂ ದಾಟುತ್ತದೆ. ಅಂದರೆ ರಿವಾಲ್ವರಿನಲ್ಲಿ ಬರೀ ಓರೆಯಿಂದ ಹುಟ್ಟುವ ತಳ್ಳಾಟವೇ, ಏರ್ ಪಿಸ್ತೂಲಿನ ಪೂರ್ತಿ ಎಳೆತಕ್ಕೆ ಹತ್ತಿರ ಬರುತ್ತದೆ. ಆರ್ಮರರ್ ಸರ್ ಹೇಳಿದ ಆ ಹತ್ತಕ್ಕೆ ಹತ್ತು ಹೊಡೆಯುವವರು ಇದನ್ನು ಗೆದ್ದವರು. ಅವರ ಬೆರಳು ನೇರ ಇತ್ತು, ಹಿಡಿತ ಗಟ್ಟಿ ಇತ್ತು. ಬೆರಳ ತುದಿಯ ದಿಂಬಿನ ಬದಲು ಮೊದಲ ಗೆಣ್ಣನ್ನು ಟ್ರಿಗರ್ ಮೇಲೆ ಇಟ್ಟು ಎಳೆಯುತ್ತಿದ್ದರು, ಅಲ್ವಾ ಸರ್? ಭಾರದ ಟ್ರಿಗರ್‌ಗೆ ಅದೇ ಸರಿ. ಏರ್ ಪಿಸ್ತೂಲಿಗೆ ದಿಂಬಿನ ಮಧ್ಯಭಾಗ.

ಒಂದು ಮಜಾ ವಿಷಯ. ನಮ್ಮಲ್ಲಿ ಲೈಸೆನ್ಸ್ ಇರುವವರ ರಿವಾಲ್ವರುಗಳಲ್ಲಿ ಸಾಮಾನ್ಯವಾಗಿ ಕಾಣುವ .32 ತೋಟಾ ಇದೆಯಲ್ಲ, ಅದರದೇ ಮೂತಿ ಚಪ್ಪಟೆಯಾದ ರೂಪವನ್ನು 25 ಮೀಟರ್ ಸೆಂಟರ್ ಫೈರ್ ಪಂದ್ಯದಲ್ಲಿ ಬಳಸುತ್ತಾರೆ. ಒಂದೇ ಕುಟುಂಬದ ತೋಟಾ. ಒಂದು ಕಡೆ ಐದು ಕಿಲೋ ಎಳೆದು ಹೊಡೆಯುತ್ತಾರೆ, ಇನ್ನೊಂದು ಕಡೆ ಒಂದು ಕಿಲೋ. ಕಾರ್ಡಿನ ಮೇಲೆ ತೂತುಗಳು ಎಲ್ಲಿ ಬೀಳುತ್ತವೆ ಅನ್ನುವುದರಲ್ಲಿ ತೋಟಾಗಿಂತ ಟ್ರಿಗರ್ ಪಾಲೇ ಜಾಸ್ತಿ.

ಒಳಗೆ ನಡೆಯುವುದೇನು ಅಂತ ನೋಡಬೇಕಾದರೆ ನಾವು ಬಹಳ ದೂರ ಹೋಗಬೇಕಿಲ್ಲ. ಇಲ್ಲೇ ಶ್ರೀರಂಗಪಟ್ಟಣದಲ್ಲಿ, ಟಿಪ್ಪುವಿನ ಕಾಲದಲ್ಲಿ, ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಪಿಸ್ತೂಲುಗಳನ್ನು ಮಾಡುತ್ತಿದ್ದರು. ಹುಲಿಮುಖ, ಹುಲಿಪಟ್ಟೆ ಕೆತ್ತಿದ ಕೆಲಸ. 1799ರಲ್ಲಿ ಕೋಟೆ ಬಿದ್ದ ಮೇಲೆ ಬಹಳಷ್ಟು ಇಂಗ್ಲೆಂಡಿಗೆ ಹೋದವು. ಆ ಥರದ ಪಿಸ್ತೂಲಿನ ಒಳಗೂ ಇರುವುದು ಇಷ್ಟೇ: ಸ್ಪ್ರಿಂಗಿನ ಬಲದಲ್ಲಿ ಮುಂದಕ್ಕೆ ಬೀಳಲು ಕಾದಿರುವ ಒಂದು ಭಾಗ. ಅದರ ಬುಡದಲ್ಲಿ ಒಂದು ಕಚ್ಚು. ಆ ಕಚ್ಚಿಗೆ ಸಿಕ್ಕಿಕೊಂಡ ಒಂದು ಕೊಕ್ಕೆ, ಅದನ್ನು ಸಿಯರ್ ಅನ್ನುತ್ತಾರೆ. ಟ್ರಿಗರ್ ಮಾಡುವುದು ಆ ಕೊಕ್ಕೆಯನ್ನು ಕಚ್ಚಿನಿಂದ ಜಾರಿಸುವ ಕೆಲಸ. ಕಚ್ಚು ಎರಡು ಇರುತ್ತಿದ್ದವು. ಅರ್ಧ ಎಳೆದಾಗ ಸಿಗುವ ಕಚ್ಚು ಆಳ, ಅಲ್ಲಿ ಟ್ರಿಗರ್ ಎಳೆದರೂ ಬಿಡುವುದಿಲ್ಲ, ಅದು ಕಾಪು. ಪೂರ್ತಿ ಎಳೆದಾಗ ಸಿಗುವ ಕಚ್ಚು ತೆಳು.

ಎರಡು ಶತಮಾನ ದಾಟಿದರೂ ತತ್ವ ಅದೇ. ಕೊಕ್ಕೆ ಕಚ್ಚಿನಲ್ಲಿ ಎಷ್ಟು ಆಳ ಕೂತಿದೆ, ಎರಡು ಲೋಹ ಒಂದಕ್ಕೊಂದು ಎಷ್ಟು ನುಣ್ಣಗೆ ಉಜ್ಜುತ್ತವೆ, ಯಾವ ಕೋನದಲ್ಲಿ ಉಜ್ಜುತ್ತವೆ. ಟ್ರಿಗರ್‌ನ ಗುಣವೆಲ್ಲ ಈ ಕೂದಲೆಳೆಯ ಜಾಗದಲ್ಲಿದೆ. ಅದಕ್ಕೇ ಕೈ ಮುಗಿದು ಕೇಳುತ್ತೇನೆ, ಯೂಟ್ಯೂಬ್ ನೋಡಿಕೊಂಡು ಅರ ತಗೊಂಡು ಕೂರಬೇಡಿ. ಆ ಅಂಚು ಸ್ವಲ್ಪ ಸವೆದರೆ ಟ್ರಿಗರ್ ಲೈಟ್ ಆಗುವುದು ನಿಜ. ಆಮೇಲೆ ಒಂದು ದಿನ ಬೆರಳು ಮುಟ್ಟದೆಯೇ ಹಾರುತ್ತದೆ, ಅದೂ ನಿಜ. ತಯಾರಕರೇ ಕೊಟ್ಟಿರುವ ಸ್ಕ್ರೂಗಳಿವೆ, ಅಷ್ಟರಲ್ಲೇ ಆಟ.

ನಮ್ಮ ಪೊಲೀಸರ, ಸೈನ್ಯದ 9 ಎಂಎಂ ಪಿಸ್ತೂಲಿನ ಬಗ್ಗೆ ಒಂದು ಮಾತು. ಅದರ ಮೂಲ ಬ್ರೌನಿಂಗ್ ಹೈ ಪವರ್, 1935ರ ವಿನ್ಯಾಸ. ಸಿಂಗಲ್ ಆ್ಯಕ್ಷನ್. ಕಾಗದದ ಮೇಲೆ ನೋಡಿದರೆ ಟ್ರಿಗರ್ ಚೆನ್ನಾಗಿರಬೇಕು. ಹೊಡೆದವರು ಮಾತ್ರ ಮರಳು ಸಿಕ್ಕಿದ ಹಾಗೆ ಕರಕರ ಅನ್ನುತ್ತದೆ ಅಂತಾರೆ. ಕಾರಣ ಇದೆ. ಮ್ಯಾಗಜೀನ್, ಅಂದರೆ ಗುಂಡು ತುಂಬಿಡುವ ಡಬ್ಬಿ, ತೆಗೆದಾಗ ಗುಂಡು ಹಾರದ ಹಾಗೆ ಟ್ರಿಗರ್‌ಗೆ ಒಂದು ಸಣ್ಣ ಕಡ್ಡಿ ಜೋಡಿಸಿದ್ದಾರೆ. ಟ್ರಿಗರ್ ಎಳೆದಾಗಲೆಲ್ಲ ಆ ಕಡ್ಡಿ ಮ್ಯಾಗಜೀನಿನ ಮುಖಕ್ಕೆ ಉಜ್ಜಿಕೊಂಡೇ ಹೋಗಬೇಕು. ಅದೂ ಸಾಲದು ಅಂತ, ಟ್ರಿಗರ್‌ನ ಬಲ, ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿನ ಒಳಗಿರುವ ಇನ್ನೊಂದು ಸನ್ನೆಕೋಲಿನ ಮೂಲಕ ಸುತ್ತಿ ಸಿಯರ್ ತಲುಪಬೇಕು. ಒಂದೊಂದು ಕೀಲಿಗೂ ಒಂದಿಷ್ಟು ಉಜ್ಜಾಟ. ಇದಕ್ಕೆ ಹೋಲಿಸಿದರೆ 1911 ಅನ್ನುವ ಹಳೆಯ ಅಮೆರಿಕನ್ ಪಿಸ್ತೂಲಿನಲ್ಲಿ ಟ್ರಿಗರ್ ಪಿನ್ನಿನ ಮೇಲೆ ತಿರುಗುವುದೇ ಇಲ್ಲ. ನೇರ ಹಿಂದಕ್ಕೆ ಜಾರುತ್ತದೆ. ಎರಡು ಕಿಲೋ ಇದ್ದರೂ ಎರಡು ಕಿಲೋ ಅನ್ನಿಸುವುದಿಲ್ಲ. ಎರಡನ್ನೂ ವಿನ್ಯಾಸ ಮಾಡಲು ಹೊರಟ ತಲೆ ಒಂದೇ, ಜಾನ್ ಬ್ರೌನಿಂಗ್. ಹೈ ಪವರ್ ಮುಗಿಯುವ ಮೊದಲೇ, 1926ರಲ್ಲಿ ತೀರಿಕೊಂಡರು. ಅದನ್ನು ಮುಗಿಸಿದ್ದು ಬೆಲ್ಜಿಯಂನ ವಿನ್ಯಾಸಕಾರ ಸೇವ್.

ಹಾಗಾದರೆ ಭಾರದ ಟ್ರಿಗರ್ ಕೆಟ್ಟದ್ದಾ? ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗಬೇಕು. ಪಂದ್ಯದಲ್ಲಿ ನಿಮ್ಮ ಮುಂದೆ ಇರುವುದು ಕಾಗದ, ರೇಂಜಿನಲ್ಲಿ ಎಲ್ಲರೂ ಗೆರೆಯ ಹಿಂದೆ ಇರುತ್ತಾರೆ. ಪೊಲೀಸರ ಮುಂದೆ ಜನ ಇರುತ್ತಾರೆ. ಓಡುವಾಗ, ಎಡವಿದಾಗ, ಬೆಚ್ಚಿದಾಗ, ಒಂದು ಕೈಯಲ್ಲಿ ಯಾರನ್ನೋ ಹಿಡಿದು ಎಳೆಯುವಾಗ ಇನ್ನೊಂದು ಕೈಯೂ ತಾನಾಗಿ ಮುಷ್ಟಿ ಬಿಗಿಯುತ್ತದೆ. ಬೆರಳು ಟ್ರಿಗರ್ ಮೇಲಿದ್ದರೆ ಮುಗಿಯಿತು. ಈ ಭಯದಿಂದಲೇ ನ್ಯೂಯಾರ್ಕ್ ನಗರದ ಪೊಲೀಸರು 1993ರಲ್ಲಿ ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಬಂದಾಗ, ಟ್ರಿಗರ್ ಮಾತ್ರ ರಿವಾಲ್ವರಿನಷ್ಟೇ ಭಾರ ಇರಲಿ ಅಂದರು. ಎರಡೂವರೆ ಕಿಲೋದ ಗ್ಲಾಕ್ ಟ್ರಿಗರನ್ನು ಸುಮಾರು 12 ಪೌಂಡಿಗೆ, ಅಂದರೆ ಐದೂವರೆ ಕಿಲೋ ಹತ್ತಿರಕ್ಕೆ ಏರಿಸಿದರು. ಇಂಥ ಭಾರದ ಸ್ಪ್ರಿಂಗಿಗೆ 'ನ್ಯೂಯಾರ್ಕ್ ಟ್ರಿಗರ್' ಅಂತಲೇ ಹೆಸರು.

ಆಮೇಲೆ 2012ರ ಆಗಸ್ಟಿನಲ್ಲಿ ಅದೇ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಮುಂದೆ ಒಂದು ಘಟನೆ. ಕೊಲೆ ಮಾಡಿ ಹೋಗುತ್ತಿದ್ದವನ ಮೇಲೆ ಇಬ್ಬರು ಪೊಲೀಸರು 16 ಗುಂಡು ಹಾರಿಸಿದರು. ದಾರಿಯಲ್ಲಿದ್ದ ಒಂಬತ್ತು ಜನರಿಗೆ ಗಾಯವಾಯಿತು. ಎಲ್ಲವೂ ಪೊಲೀಸರದೇ ಗುಂಡು ಅಥವಾ ಅದರ ಚೂರು. ಭಾರದ ಟ್ರಿಗರ್ ಬಗ್ಗೆ ಆಗ ದೊಡ್ಡ ಚರ್ಚೆ ಎದ್ದಿತು. ಟ್ರಿಗರ್ ಒಂದೇ ಕಾರಣ ಅಂತ ನಾನು ಹೇಳಲ್ಲ, ಅಂಥ ಹೊತ್ತಿನಲ್ಲಿ ಕೈ ನಡುಗುವುದಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಆದರೆ ತಪ್ಪಿ ಹಾರಬಾರದು ಅಂತ ಏರಿಸಿದ ತೂಕ, ಬೇಕೆಂದು ಹಾರಿಸಿದಾಗ ಗುರಿ ತಪ್ಪಿಸುತ್ತದೆ. ಈ ಹಗ್ಗಜಗ್ಗಾಟಕ್ಕೆ ತೂಕದಲ್ಲಿ ಉತ್ತರ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೊಡೆಯುವ ನಿರ್ಧಾರ ಆಗುವ ತನಕ ಬೆರಳು ಟ್ರಿಗರ್ ಗಾರ್ಡಿನ, ಅಂದರೆ ಟ್ರಿಗರ್ ಸುತ್ತಲಿನ ಬಳೆಯ, ಹೊರಗೇ ಇರಬೇಕು. ಬೆರಳು ಒಳಗಿದ್ದರೆ ಐದು ಕಿಲೋ ಕೂಡ ಕಾಯುವುದಿಲ್ಲ. ಬೆಚ್ಚಿದ ಮುಷ್ಟಿಗೆ ಅದಕ್ಕಿಂತ ಜಾಸ್ತಿ ಶಕ್ತಿ ಇದೆ.

ಟ್ರಿಗರ್‌ಗೆ ಸ್ವಂತ ತೂಕವೂ ಇದೆ ಅನ್ನುವುದನ್ನು ನಾವು ಮರೆಯುತ್ತೇವೆ. ಸಿಗ್ ಸಾವರ್ ಪಿ320 ಅನ್ನುವ ಪಿಸ್ತೂಲು ಒಂದು ಕೋನದಲ್ಲಿ ಹಿಮ್ಮುಖ ಬಿದ್ದರೆ ತಾನಾಗಿ ಹಾರಬಹುದು ಅಂತ 2017ರಲ್ಲಿ ಪರೀಕ್ಷೆಗಳಲ್ಲಿ ಕಂಡಿತು. ಪಿಸ್ತೂಲು ನೆಲಕ್ಕೆ ಬಡಿದು ನಿಂತರೂ, ಟ್ರಿಗರ್ ತನ್ನ ಭಾರಕ್ಕೆ ಹಿಂದಕ್ಕೆ ಓಡಿಬಿಡುತ್ತಿತ್ತು. ಕಂಪನಿ ಆಮೇಲೆ ಕೊಟ್ಟ ಬದಲಾವಣೆಗಳಲ್ಲಿ ತೆಳುವಾದ, ಹಗುರ ಟ್ರಿಗರ್ ಕೂಡ ಒಂದು. ಗ್ಲಾಕ್ ಟ್ರಿಗರ್ ನಡುವೆ ಒಂದು ಸಣ್ಣ ನಾಲಿಗೆ ಇರುತ್ತದೆ ನೋಡಿ, ಅದು ಬೆರಳಿನಿಂದ ಒತ್ತಿದರೆ ಮಾತ್ರ ಟ್ರಿಗರನ್ನು ಹಿಂದಕ್ಕೆ ಬಿಡುತ್ತದೆ. ಅದು ಇರುವುದೇ ಇಂಥದ್ದಕ್ಕೆ.

ಪ್ರಶ್ನೆಗಳಿಗೆ ಬರೋಣ. ಮಂಡ್ಯದಿಂದ ಬಂದಿರುವ ಹುಡುಗಿ ಕೇಳುತ್ತಿದ್ದಾಳೆ: "ಸರ್, ಪ್ರಾಕ್ಟೀಸಲ್ಲಿ ಟ್ರಿಗರ್ ಚೆನ್ನಾಗೇ ಇರುತ್ತೆ. ಮ್ಯಾಚಲ್ಲಿ ಮಾತ್ರ ಗಟ್ಟಿ ಆದ ಹಾಗೆ ಅನ್ನಿಸುತ್ತೆ. ಯಾಕೆ?"

ಒಳ್ಳೆ ಪ್ರಶ್ನೆಯಮ್ಮ. ಟ್ರಿಗರ್ ಬದಲಾಗಿರುವುದಿಲ್ಲ. ನೀನು ಪಿಸ್ತೂಲನ್ನು ಜಾಸ್ತಿ ಬಿಗಿಯಾಗಿ ಹಿಡಿದಿರುತ್ತೀಯ. ಉಳಿದ ನಾಲ್ಕು ಬೆರಳು ಬಿಗಿಯಾದಾಗ ತೋರುಬೆರಳಿನ ಸೂಕ್ಷ್ಮ ಹೋಗುತ್ತದೆ, ಫಸ್ಟ್ ಸ್ಟೇಜ್ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಜೊತೆಗೆ ಹತ್ತು ಕಂಡ ತಕ್ಷಣ ಹೊಡೆದುಬಿಡೋಣ ಅಂತ ಅವಸರ, ಆಗ ಜರ್ಕ್ ಆಗುತ್ತದೆ. ಮ್ಯಾಚಿನ ದಿನ ಸ್ಕ್ರೂ ತಿರುಗಿಸಲು ಹೋಗಬೇಡ. ಸೈಟಿಂಗ್ ಸಮಯದಲ್ಲಿ, ಅಂದರೆ ಪಂದ್ಯಕ್ಕೆ ಮೊದಲಿನ ಅಭ್ಯಾಸದ ಹೊತ್ತಿನಲ್ಲಿ, ಪೆಲೆಟ್ ಇಲ್ಲದೆ ನಾಲ್ಕೈದು ಸಲ ಡ್ರೈ ಮಾಡು, ಬಿಗಿ ಎಲ್ಲಿ ಸಿಗುತ್ತದೆ ಅಂತ ಬೆರಳಿಗೆ ಜ್ಞಾಪಿಸು, ಆಮೇಲೆ ಪೆಲೆಟ್ ಹಾಕು. ಯಂತ್ರ ನಿಜವಾಗಿಯೂ ಕೈಕೊಡುವುದೂ ಉಂಟು. 2021ರ ಜುಲೈನಲ್ಲಿ ಟೋಕಿಯೋ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ಮಧ್ಯದಲ್ಲೇ ಕೆಟ್ಟಿತು. ಸಮಯ ಹೋಯಿತು, 575ಕ್ಕೆ ನಿಂತರು, ಎರಡು ಅಂಕದಲ್ಲಿ ಫೈನಲ್ ತಪ್ಪಿತು. ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ ಅದೇ ಪಂದ್ಯದಲ್ಲಿ ಕಂಚು ಗೆದ್ದರು.

ಕೊನೆಯದು, ಒಬ್ಬ ಅಪ್ಪನ ಪ್ರಶ್ನೆ: "ಮಗನಿಗೆ ಪಿಸ್ತೂಲು ಕೊಡಿಸಬೇಕು. ಮೆಕ್ಯಾನಿಕಲ್ ತಗೊಳ್ಳಲಾ, ಎಲೆಕ್ಟ್ರಾನಿಕ್ ತಗೊಳ್ಳಲಾ?"

ಈ ವರ್ಷ ಎರಡೂ ಬೇಡ ಅಂತೀನಿ. .177 ಇಂಚು ಬೋರಿನ, ಅಂದರೆ ಬ್ಯಾರೆಲ್ಲಿನ ತೂತು ಅಷ್ಟು ಅಗಲ ಇರುವ, 20 ಜೌಲ್ ಶಕ್ತಿಯ ಒಳಗಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ, ಅದರಿಂದ ಅಂಗಡಿಗೆ ಹೋಗುವುದು ಸುಲಭ ಆಗಿಬಿಟ್ಟಿದೆ. ಮೊದಲು ರೇಂಜಿನ ಪಿಸ್ತೂಲಿನಲ್ಲೇ ಕಲಿಯಲಿ. ಅವನ ಬೆರಳಿಗೆ ಪಟಕ್ಕನೆ ಬಿಡುವುದು ಇಷ್ಟವಾ, ಉರುಳಿಕೊಂಡು ಹೋಗುವುದು ಇಷ್ಟವಾ ಅಂತ ಗೊತ್ತಾಗಲಿ. ಅಷ್ಟರಲ್ಲಿ ಅವನ ಕೈಯೂ ಬೆಳೆದಿರುತ್ತದೆ. ಕೊಳ್ಳುವಾಗ ಹುಡುಗನನ್ನು ಕರೆದುಕೊಂಡೇ ಹೋಗಿ. ಹಿಡಿ ಅವನ ಅಂಗೈಗೆ ಕೂರಬೇಕು, ಬೆರಳ ದಿಂಬು ಎಳೆದಾಡದೆ ಟ್ರಿಗರ್ ನಡುಭಾಗಕ್ಕೆ ತಲುಪಬೇಕು. ಟ್ರಿಗರನ್ನು ಹಿಂದೆ ಮುಂದೆ ಸರಿಸಿ ಬಿಗಿ ಮಾಡುವ ಸ್ಕ್ರೂ ಪಂದ್ಯದ ಪಿಸ್ತೂಲುಗಳಲ್ಲಿ ಇದ್ದೇ ಇರುತ್ತದೆ, ಅದನ್ನು ಅಲ್ಲೇ ಹೊಂದಿಸಿ ತೋರಿಸಲು ಅಂಗಡಿಯವರಿಗೆ ಹೇಳಿ. ಬೆಲೆ, ಬ್ರ್ಯಾಂಡ್ ಆಮೇಲೆ ನೋಡೋಣ, ನನಗೊಂದು ಫೋನ್ ಮಾಡಿ.